ಕ್ಯಾನ್ಸರ್ ಸಂಶೋಧನೆಗೆ ಯಾವ ವಿಭಾಗ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಬಿಬಿಎಸ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಮುಂದೆ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಸಂಶೋಧನೆಯನ್ನೂ ಮಾಡುವ ಆಸೆಯಿದೆ. ಸಂಶೋಧನೆಗೆ ಔಷಧಿಗಳಿಂದ ಕ್ಯಾನ್ಸರ್ ಚಿಕಿತ್ಸೆ ನೀಡುವ ಮೆಡಿಕಲ್ ಆಂಕಾಲಜಿಯೇ ಸರಿ, ಸರ್ಜರಿ ಮತ್ತು ರೇಡಿಯೇಶನ್‌ನಲ್ಲಿ ಅವಕಾಶ ಕಡಿಮೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಮ್ಮ ಸೀನಿಯರ್‌ಗಳ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ಔಷಧಿಗಳ ಸುದ್ದಿ ಹೆಚ್ಚು ಕಿವಿಗೆ ಬೀಳುವುದರಿಂದ ಹಾಗೆ ತೋರುತ್ತದೆ. ಬಾಯಿ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದಾಗ ಕುತ್ತಿಗೆಯ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಗೆಡ್ಡೆಯ ಜೊತೆಗೇ ತೆಗೆಯಬೇಕೋ, ಅಲ್ಲಿ ರೋಗ ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೋ ಎಂಬ ಹಳೆಯ ವಿವಾದಕ್ಕೆ ಗಟ್ಟಿ ಉತ್ತರ ಕೊಟ್ಟವರು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಶಸ್ತ್ರಚಿಕಿತ್ಸಕರು. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ಬದುಕುಳಿವು ಶೇ 80 ಇದ್ದರೆ, ಕಾದು ನೋಡಿದವರಲ್ಲಿ ಶೇ 67.5 ಇತ್ತು. ತಂಬಾಕು ಜಗಿಯುವವರು ಇಷ್ಟೊಂದು ಇರುವ ನಮ್ಮ ದೇಶದಲ್ಲಿ ಈ ಅಂತರ ಎಷ್ಟು ಜೀವಗಳ ಲೆಕ್ಕ ಎಂಬುದನ್ನು ನೀವೇ ಯೋಚಿಸಿ.

ರೇಡಿಯೇಶನ್ ವಿಷಯವೂ ಹಾಗೆಯೇ. ಗರ್ಭಕಂಠದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಪಡೆದ 300 ಮಹಿಳೆಯರ ಮೇಲೆ ಟಾಟಾ ಸ್ಮಾರಕ ಕೇಂದ್ರದಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿತ್ರಗಳ ನೆರವಿನಿಂದ ಗುರಿಯಿಟ್ಟು ಕೊಡುವ ವಿಧಾನವು ದೀರ್ಘಕಾಲದ ಕರುಳಿನ ತೊಂದರೆಯನ್ನು ಸುಮಾರು ಶೇ 42ರಿಂದ ಶೇ 21ಕ್ಕೆ ಇಳಿಸಿತು. ಮೆಡಿಕಲ್ ಆಂಕಾಲಜಿಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ನಿವೊಲುಮಾಬ್ ಔಷಧಿಯ ಪ್ರಯೋಗ. ಸಾಮಾನ್ಯವಾಗಿ 240 ಮಿಲಿಗ್ರಾಂ ಕೊಡುವ ಈ ದುಬಾರಿ ಔಷಧಿಯನ್ನು ಬರೀ 20 ಮಿಲಿಗ್ರಾಂ ಪ್ರಮಾಣದಲ್ಲಿ ಮಾತ್ರೆಗಳ ಚಿಕಿತ್ಸೆಗೆ ಸೇರಿಸಿದಾಗ, ತಲೆ–ಕುತ್ತಿಗೆಯ ಮುಂದುವರಿದ ಕ್ಯಾನ್ಸರ್ ರೋಗಿಗಳಲ್ಲಿ ಒಂದು ವರ್ಷದ ಬದುಕುಳಿವು ಶೇ 16.3ರಿಂದ ಶೇ 43.4ಕ್ಕೆ ಏರಿತು. ಬಡರೋಗಿಯ ಕೈಗೆಟುಕುವ ಚಿಕಿತ್ಸೆಯನ್ನು ಹುಡುಕುವುದೂ ದೊಡ್ಡ ವಿಜ್ಞಾನವೇ.

ಆದ್ದರಿಂದ ಸಂಶೋಧನೆ ಎಲ್ಲಿ ಹೆಚ್ಚು ಎಂದು ಹುಡುಕುವ ಬದಲು, ಯಾವ ಕೆಲಸವನ್ನು ದಿನವೂ ಬೇಸರವಿಲ್ಲದೆ ಮಾಡಬಲ್ಲೆ ಎಂದು ಕೇಳಿಕೊಳ್ಳಿ. ರೇಡಿಯೇಶನ್ ವೈದ್ಯರ ದಿನದ ದೊಡ್ಡ ಭಾಗ ಮಾನಿಟರ್ ಮುಂದೆ ಕಳೆಯುತ್ತದೆ. ಸಿ.ಟಿ. ಚಿತ್ರದ ಒಂದೊಂದು ಪದರದ ಮೇಲೂ ಮೌಸ್ ಹಿಡಿದು ಗೆಡ್ಡೆಯ ಅಂಚನ್ನು ಗುರುತಿಸಬೇಕು. ಪಕ್ಕದ ಜೊಲ್ಲುಗ್ರಂಥಿಗೆ ಎಷ್ಟು ವಿಕಿರಣ ಬೀಳುತ್ತದೆಂದು ಮೆಡಿಕಲ್ ಫಿಸಿಸಿಸ್ಟ್ ಜೊತೆ ಕೂತು ಪರಿಶೀಲಿಸಬೇಕು. ಅಂಚು ಕೆಲವು ಮಿಲಿಮೀಟರ್ ತಪ್ಪಿದರೂ ರೋಗಿಯ ಬಾಯಿ ಜೀವನಪೂರ್ತಿ ಒಣಗಿಯೇ ಉಳಿಯಬಹುದು. ಭೌತವಿಜ್ಞಾನ ನಿಮಗೆ ಇಷ್ಟವಾಗಿದ್ದರೆ ಇಲ್ಲಿ ಸಂಶೋಧನೆಯ ಪ್ರಶ್ನೆಗಳು ಕೈಗೆ ಸಿಗುತ್ತಲೇ ಇರುತ್ತವೆ.

ಕಾಲದ ಲೆಕ್ಕವೂ ಇದೆ. ರೇಡಿಯೇಶನ್ ಆಂಕಾಲಜಿ ಎಂಬಿಬಿಎಸ್ ನಂತರ ನೇರವಾಗಿ ಸಿಗುವ ಮೂರು ವರ್ಷಗಳ ಎಂ.ಡಿ.; ಉಳಿದೆರಡಕ್ಕೆ ಮೊದಲು ಎಂ.ಡಿ. ಅಥವಾ ಎಂ.ಎಸ್., ಮತ್ತೊಂದು ಪ್ರವೇಶ ಪರೀಕ್ಷೆ, ಆಮೇಲೆ ಮೂರು ವರ್ಷಗಳ ಡಿ.ಎಂ. ಅಥವಾ ಎಂ.ಸಿಎಚ್. ಎಂಬ ಉನ್ನತ ಪದವಿ ಬೇಕು. ಸಂಶೋಧನೆಗೆ ಬೇಗ ಇಳಿಯಬೇಕೆನ್ನುವವರಿಗೆ ಈ ಮೂರು ವರ್ಷಗಳ ಅಂತರ ಸಣ್ಣದಲ್ಲ.

ತೀರ್ಮಾನಕ್ಕೆ ಈಗಲೇ ಅವಸರ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ವೈದ್ಯ ವಿದ್ಯಾರ್ಥಿಗಳಿಗೆಂದೇ ಎರಡು ತಿಂಗಳ ಸಂಶೋಧನಾ ಯೋಜನೆಯನ್ನು ನಡೆಸುತ್ತದೆ. ನಿಮ್ಮ ಕಾಲೇಜಿನಲ್ಲಿ ಮಾರ್ಗದರ್ಶಕರೊಬ್ಬರನ್ನು ಕಂಡು, ಸಣ್ಣ ಪ್ರಶ್ನೆಯೊಂದನ್ನು ಇಟ್ಟುಕೊಂಡು ಅರ್ಜಿ ಹಾಕಿ. ರಜೆಯಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಕಡೆ ಅನುಮತಿ ಪಡೆದು ಆಪರೇಷನ್ ಥಿಯೇಟರ್, ಕೀಮೋ ವಾರ್ಡ್, ರೇಡಿಯೇಶನ್ ಪ್ಲಾನಿಂಗ್ ಕೋಣೆ, ಈ ಮೂರರಲ್ಲೂ ಕೆಲವು ದಿನ ಸುಮ್ಮನೆ ನಿಂತು ನೋಡಿ. ರಾತ್ರಿ ಹಾಸ್ಟೆಲಿಗೆ ಬಂದ ಮೇಲೂ ಯಾವ ಕೋಣೆಯ ಪ್ರಶ್ನೆ ನಿಮ್ಮನ್ನು ಪುಸ್ತಕ ತೆರೆಯುವಂತೆ ಮಾಡುತ್ತದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಹೋಗಿ.