ಟಾಕೀಸಿನ ಕಡತ ಎಲ್ಲಿ ಹುಡುಕಬೇಕು?

ಮಂಜೇಶ್ವರದ ಕಡೆಯ ಮುಚ್ಚಿದ ಟಾಕೀಸು ಯಾವ ಕಾಲದ್ದು, ಕಾಸರಗೋಡು ಕಲೆಕ್ಟರೇಟಿನಲ್ಲಿ ಕಾಗದವೇ ಸಿಗಲಿಲ್ಲವಲ್ಲ ಎಂದು ಕೇಳಿದ್ದೀರಿ. ಅಲ್ಲಿ ಸಿಗುವುದು ಕಷ್ಟವೇ. ಜಿಲ್ಲೆ ಹುಟ್ಟಿದ್ದೇ 1984ರ ಮೇ 24ಕ್ಕೆ. ಅದಕ್ಕೂ ಹಿಂದೆ, 1957ರಿಂದ, ನಾವು ಕಣ್ಣೂರು ಜಿಲ್ಲೆ. 1956ರ ನವೆಂಬರ್ 1ರ ಮೊದಲು ಮದ್ರಾಸಿನ ದಕ್ಷಿಣ ಕನ್ನಡ. ಟಾಕೀಸು ಅಷ್ಟು ಹಳೆಯದಾದರೆ ಮಂಗಳೂರಿನ ಡಿ.ಸಿ. ಕಚೇರಿ, ಚೆನ್ನೈ ಎಗ್ಮೋರಿನ ಪತ್ರಾಗಾರ ಎರಡರಲ್ಲೂ ವಿಚಾರಿಸಿ. ಕಡತ ಊರ ಹೆಸರಲ್ಲಿ ಇಲ್ಲದಿದ್ದರೆ ಲೈಸೆನ್ಸುದಾರರ ಹೆಸರಲ್ಲಿ ಕೇಳಿ. ಸರ್ವೆ ನಂಬರ್ ಹಿಡಿದು ಸಬ್‌ರಿಜಿಸ್ಟ್ರಾರರಲ್ಲಿ ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿದರೆ ಆ ಹೆಸರು ಸಿಕ್ಕೀತು.

ಕಟ್ಟಡವನ್ನೂ ನೋಡಿ. ಪ್ರೊಜೆಕ್ಟರ್ ಕೋಣೆಯ ಗೋಡೆಯಲ್ಲಿ ಒಂದು ಯಂತ್ರಕ್ಕೆ ಎರಡು ಕಿಂಡಿ: ಬೆಳಕಿಗೊಂದು, ಆಪರೇಟರನ ಕಣ್ಣಿಗೊಂದು. ಎರಡೇ ಕಿಂಡಿ ಇದ್ದರೆ ಒಂದೇ ಯಂತ್ರವಿದ್ದಿರಬೇಕು. ಅಂದರೆ ಸಾವಿರ ಅಡಿಯ ರೀಲಾದರೆ ಹನ್ನೊಂದು ನಿಮಿಷಕ್ಕೊಮ್ಮೆ ರೀಲು ಬದಲಿಸಲು ಪರದೆ ಕತ್ತಲು! ಮಾಡಿನಲ್ಲಿ ಹೊಗೆ ಕೊಳವೆಯ ತೂತಿದ್ದರೆ ಕಾರ್ಬನ್ ಕಡ್ಡಿಯ ದೀಪ ಉರಿದಿರಬಹುದು. ಕಿಂಡಿಯ ಕಬ್ಬಿಣದ ಬಾಗಿಲು ಕಂಡು ಮಾತ್ರ ಕಾಲ ಹೇಳಬೇಡಿ. ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಫಿಲ್ಮ್ ಹೋದ ಮೇಲೂ ಅದನ್ನು ಇಡುತ್ತಿದ್ದರು.