ಮಗು ತೀವ್ರ ಅಪೌಷ್ಟಿಕತೆಯಲ್ಲಿದೆ ಎಂದು ಹಳ್ಳಿಯಲ್ಲೇ ತಿಳಿಯುವುದು ಹೇಗೆ?

ಬಾಗೇಪಲ್ಲಿ ಕಡೆಯ ಕೂಲಿ ಕುಟುಂಬಗಳ ಮಕ್ಕಳ ಬಗ್ಗೆ ಕೇಳಿದ್ದೀರಿ. ತೋಳಿನ ಸುತ್ತಳತೆ, ಪಾದದ ಊತ ನೋಡಿದರೆ ಸಾಕು, ತಕ್ಕಡಿ ಬೇಕಿಲ್ಲ.

ಈ ಅಳತೆ 6ರಿಂದ 59 ತಿಂಗಳ ಮಕ್ಕಳಿಗೆ. ಎಡತೋಳು ಬರಿದಾಗಿರಲಿ. ಭುಜದ ತುದಿಗೂ ಮೊಣಕೈ ತುದಿಗೂ ಸರಿಮಧ್ಯೆ ಗುರುತು ಹಾಕಿ, ಕೈ ಇಳಿಬಿಟ್ಟು ಅಳತೆ ಪಟ್ಟಿ ಸುತ್ತಿ. 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ, 12.5ರವರೆಗೆ ಮಧ್ಯಮ. ಪಟ್ಟಿ ಬಿಗಿದರೆ ಅಳತೆ ಸುಳ್ಳಾಗುತ್ತದೆ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ನೋಡಿ. ಎರಡರಲ್ಲೂ ಗುಳಿ ಉಳಿದರೆ ಅದು ಊತ; ತೋಳಿನ ಅಳತೆ ಎಷ್ಟೇ ಇರಲಿ, ಅದು ತೀವ್ರವೇ. ಊದಿದ ಮಗುವನ್ನು ಮೈತುಂಬಿದೆ ಎಂದುಕೊಂಡು ಬಿಡುವುದೇ ದೊಡ್ಡ ಅಪಾಯ.

ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ಊತ, ಜ್ವರ, ಊಟ ಬೇಡವೆನ್ನುವುದು ಇದ್ದರೆ ಇಂಥ ಮಕ್ಕಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸಲೇಬೇಕು. ಮನೆಯಲ್ಲಿ ಒಮ್ಮೆಲೇ ಹೊಟ್ಟೆತುಂಬ ತಿನ್ನಿಸಬೇಡಿ, ಹೃದಯ ತಡೆಯದು. ಕೂಲಿ ತಪ್ಪುತ್ತದೆಂದು ತಾಯಂದಿರು ಚಿಕಿತ್ಸೆಯ ನಡುವೆಯೇ ಕೇಂದ್ರದಿಂದ ಹೊರಡುತ್ತಾರೆ. ಜೊತೆಗಿರುವ ತಾಯಿಗೆ ಕೂಲಿ ಪರಿಹಾರವಿದೆ, ಸೇರಿಸುವಾಗಲೇ ಕೇಳಿ.