ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನ ಸರ್ವೆ ನಂಬರ್ ನಕ್ಷೆಯಲ್ಲಿ ಜಮೀನಿನ ಬಗೆಗೆ ತಕ್ಕ ಬಣ್ಣ ಹಾಕಿ, ವಿಸ್ತೀರ್ಣದ ಪ್ರಕಾರ ಫಿಲ್ಟರ್ ಮಾಡುವುದು ಹೇಗೆ?
ಮೊದಲು ಬಣ್ಣ, ಆಮೇಲೆ ಫಿಲ್ಟರ್. ಫಿಲ್ಟರ್ ಮೊದಲೇ ಹಾಕಿದ್ದರೆ, ಉಳಿದ ಜಮೀನುಗಳ ಬಗೆಗಳಷ್ಟೇ ಬಣ್ಣದ ಪಟ್ಟಿಗೆ ಬರುತ್ತವೆ.

ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ. ಸಿಂಬಾಲಜಿಯಲ್ಲಿ ‘ಕ್ಯಾಟಗರೈಸ್ಡ್’ ಆರಿಸಿ, ಜಮೀನಿನ ಬಗೆಯ ಕಾಲಂ ಕೊಟ್ಟು ‘ಕ್ಲಾಸಿಫೈ’ ಒತ್ತಿ. ಖುಷ್ಕಿ, ತರಿ, ಬಾಗಾಯ್ತು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತವೆ. ‘ತರಿ’ ಎರಡು ಸಲ ಬಂದಿದ್ದರೆ, ಸಾಮಾನ್ಯವಾಗಿ ಒಂದರ ಕೊನೆಯಲ್ಲಿ ಸ್ಪೇಸ್ ಉಳಿದಿರುತ್ತದೆ, ಆ ಸ್ಪೇಸ್ ಅಳಿಸಿ.

ನಿಜವಾಗಿ ಎಡವಟ್ಟಾಗುವುದು ವಿಸ್ತೀರ್ಣದಲ್ಲಿ. 2 ಎಕರೆ 20 ಗುಂಟೆ ಅಂದರೆ ಎರಡೂವರೆ ಎಕರೆ. ಅದನ್ನು 2.20 ಎಂದು ತುಂಬಿದರೆ, ಎರಡೂವರೆ ಎಕರೆಯ ಫಿಲ್ಟರ್‌ನಲ್ಲಿ ಆ ಜಮೀನೇ ಬಿಟ್ಟುಹೋಗುತ್ತದೆ. ಎಕರೆಗೆ 40 ಗುಂಟೆಯಂತೆ ಎಲ್ಲವನ್ನೂ ಗುಂಟೆಗೆ ತಂದು, ‘ಗುಂಟೆ’ ಎಂಬ ಸಂಖ್ಯೆಯ ಕಾಲಂನಲ್ಲಿಡಿ. ನಂತರ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಫಿಲ್ಟರ್’ನಲ್ಲಿ "ಗುಂಟೆ" >= 100 ಎಂದು ಬರೆಯಿರಿ; ಎರಡೂವರೆ ಎಕರೆ ಮತ್ತು ಅದಕ್ಕಿಂತ ದೊಡ್ಡ ಜಮೀನುಗಳಷ್ಟೇ ಉಳಿಯುತ್ತವೆ. ಎಡಿಟಿಂಗ್ ಆನ್ ಇದ್ದರೆ ಫಿಲ್ಟರ್ ಹಾಕಲಾಗದು. ಮೊದಲು ಸೇವ್ ಮಾಡಿ, ಎಡಿಟಿಂಗ್ ನಿಲ್ಲಿಸಿ.